ಮೂಲೆ ತೋರಿಸಿದ್ದು ನೀವೇ: ಕೊಯ್ನಾ ಬಿರುಕಿನ ಸಂದರ್ಶನ

ಸತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟೆಯಲ್ಲಿ ಎಪಾಕ್ಸಿ ಅಂಟು ಕುಡಿದು ಮಲಗಿರುವ ಬಿರುಕು ಸಂದರ್ಶನಕ್ಕೆ ಒಪ್ಪಿದ್ದೇ ದೊಡ್ಡದು. ಪತ್ರಿಕೆಯ ಪ್ರತಿನಿಧಿ "ತಮ್ಮ ಜನನ?" ಎಂದು ಕೇಳಿದ್ದಕ್ಕೇ ಅದು ಸಿಡುಕಿತು.

"1967ರ ಡಿಸೆಂಬರ್ 11, ಬೆಳಗಿನ ಜಾವ. 6.3 ಪ್ರಮಾಣದ ಭೂಕಂಪವೇ ಸೂಲಗಿತ್ತಿ. ಓದಿಕೊಂಡು ಬರಬಾರದೇನ್ರೀ?"

ಅಂದು ಸತ್ತ ಸುಮಾರು 180 ಜನರ ಮಾತು ಬಂದಾಗ ಮಾತ್ರ ಅದರ ದನಿ ಇಳಿಯಿತು. ಅವರ ಮನೆಗಳ ಗೋಡೆ ಸೀಳಿದ್ದು ತನ್ನ ದಾಯಾದಿಗಳೇ ಎಂದು ಒಪ್ಪಿಕೊಂಡಿತು.

ಅಣೆಕಟ್ಟೆಗೆ ನುಗ್ಗಿದ್ದು ಯಾಕೆ ಎಂದರೆ, "ನುಗ್ಗಲಿಲ್ಲ, ಕರೆದರು" ಎಂದಿತು. ದಖ್ಖಣದ ನೆಲ ಅಲ್ಲಾಡುವುದಿಲ್ಲ ಎಂಬ ನಂಬಿಕೆಯ ಕಾಲ ಅದು. ಕಟ್ಟೆಯ ತೂಕದ ನೂರರಲ್ಲಿ ಐದು ಪಾಲು ಬಲ ಅಡ್ಡಡ್ಡ ತಳ್ಳಿದರೂ ತಡೆಯಲಿ ಎಂದಷ್ಟೇ ಲೆಕ್ಕ ಹಾಕಿದ್ದರು. "103 ಮೀಟರ್ ಎತ್ತರದ ಗೋಡೆ. ಬುಡದಿಂದ 66 ಮೀಟರ್ ಏರಿದ ಮೇಲೆ ಹಿಂಬದಿಯ ಇಳಿಜಾರು ಥಟ್ಟನೆ ನೆಟ್ಟಗಾಗುತ್ತದೆ. ಅಲ್ಲೊಂದು ಮೂಲೆ. ಕಟ್ಟೆ ತೂಗಿದಾಗ ಎಳೆತವೆಲ್ಲ ಅಲ್ಲೇ ಬಂದು ಕೂತಿತು. ನಾನು ಬೇರೆಲ್ಲಿ ಹುಟ್ಟಲಿ ಹೇಳಿ? ನೀರಿನ ಕಡೆಯ ಮುಖದಲ್ಲೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲೇ ಕಾಣಿಸಿಕೊಂಡೆ."

ಕಲ್ಲು, ಕಾಂಕ್ರೀಟು ಗಟ್ಟಿಯಲ್ಲವೇ? ಪ್ರತಿನಿಧಿಯ ಈ ಪ್ರಶ್ನೆಗೆ ಬಿರುಕು ಕಿಸಕ್ಕನೆ ನಕ್ಕಿತು. ಒತ್ತಿದರೆ ಗಟ್ಟಿ, ಎಳೆದರೆ ಅದರ ಹತ್ತರಲ್ಲೊಂದು ಪಾಲೂ ತಾಳುವುದು ಕಷ್ಟ. ಆಮೇಲೆ ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರನ ಗುಣಗಾನ ಶುರುವಾಯಿತು. 1920ರಲ್ಲಿ ಗಾಜು ಮುರಿದು ಆತ ಕಂಡುಕೊಂಡದ್ದಿಷ್ಟು: ಬಿರುಕು ಬೆಳೆದಾಗ ವಸ್ತುವಿನಲ್ಲಿ ಬಿಗಿದಿಟ್ಟ ಶಕ್ತಿ ಸಡಿಲವಾಗುತ್ತದೆ, ಹೊಸ ಮೈ ಸೀಳಲು ಬೇಕಾದ ಖರ್ಚಿಗೆ ಅದು ಸಾಕಾದರೆ ಬಿರುಕು ಮುಂದೆ ಹೋಗುತ್ತದೆ. ಉದ್ದವಾದಷ್ಟೂ ಅದಕ್ಕೆ ಹಾದಿ ಸಲೀಸು. "ಬಡ್ಡಿ ವ್ಯಾಪಾರ ಅಂದುಕೊಳ್ಳಿ," ಎಂದು ಕಣ್ಣು ಮಿಟುಕಿಸಿತು.

ಗಾರೆ, ಕಾಂಕ್ರೀಟಿನಲ್ಲಿ ಮಾತ್ರ ಅಷ್ಟು ಸುಲಭವಿಲ್ಲವಂತೆ. ಜಲ್ಲಿಗೂ ಸಿಮೆಂಟಿಗೂ ನಡುವಿನ ಸಂದು ಹಿಡಿದು, ಸುತ್ತು ಹಾಕಿ, ತೆವಳಬೇಕು. ತುದಿಯ ಮುಂದೆ ಕೂದಲೆಳೆಯಂಥ ಸೀಳುಗಳ ದಂಡು. ಅಲ್ಲಿ ಕಲ್ಲಿನ ಹರಳುಗಳು ಇನ್ನೂ ಕಚ್ಚಿಕೊಂಡೇ ಇರುತ್ತವೆ. ಆ ಜಗ್ಗಾಟವನ್ನು 1976ರಲ್ಲಿ ಸ್ವೀಡನ್ನಿನ ಹಿಲ್ಲರ್‌ಬೋರ್ಗ್ ಲೆಕ್ಕಕ್ಕೆ ತಂದರು.

ಕೊಯ್ನಾದಲ್ಲಿ ನೀರು ಜಿನುಗಿತು, ಕಟ್ಟೆ ಬೀಳಲಿಲ್ಲ. ಉಕ್ಕಿನ ಕೇಬಲ್ ಬಿಗಿದು, ಹಿಂಬದಿಗೆ ಆನಿಕೆ ಕಟ್ಟಿ ಗಟ್ಟಿ ಮಾಡಿದರು. ಈಗ ಬಿರುಕಿಗೆ ಬೇರೆಯದೇ ಉದ್ಯೋಗ. ಅಣೆಕಟ್ಟು ಸೀಳುವ ಬಗೆಗೆ ಜಗತ್ತಿನಲ್ಲಿ ಎಲ್ಲೇ ಹೊಸ ಕಂಪ್ಯೂಟರ್ ಲೆಕ್ಕ ಹುಟ್ಟಲಿ, ಅದನ್ನು ಒರೆಗೆ ಹಚ್ಚಲು ಕೊಯ್ನಾ ಬೇಕು. "ಗೌರವ ಡಾಕ್ಟರೇಟ್ ಕೊಟ್ಟಿಲ್ಲ, ನೋಡಿ. ನನ್ನಿಂದ ಡಾಕ್ಟರೇಟ್ ಪಡೆದವರಿಗೆ ಮಾತ್ರ ಬರವಿಲ್ಲ."

ನಿಮಗೆ ಹೆದರಿಕೆ ಯಾರದು? ಸುಣ್ಣ ಬಳಿಯುವವರು, ಪುಟ್ಟಿ ಮೆತ್ತಿ ಬಿಲ್ಲು ಬರೆಯುವವರು ತನ್ನ ಆಪ್ತರು ಎಂದಿತು ಬಿರುಕು. ಭಯವೇನಿದ್ದರೂ ಪೆನ್ಸಿಲ್ ಹಿಡಿದವರದು. ಇದನ್ನು ಅಚ್ಚು ಮಾಡಬೇಡಿ ಎಂದೂ ಬೇಡಿಕೊಂಡಿತು.

ಪ್ರತಿನಿಧಿ ಅಚ್ಚು ಮಾಡಿದ್ದಾನೆ: ನಿಮ್ಮ ಗೋಡೆಯ ಬಿರುಕಿನ ಎರಡೂ ತುದಿಗೆ ಗೆರೆ ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಅದು ಗೆರೆ ದಾಟಿದ್ದರೆ, ಪೇಂಟರನ್ನಲ್ಲ, ಎಂಜಿನಿಯರನ್ನು ಕರೆಸಿ.