ಗಲ್ಫ್ ಅಪ್ಪ

ನಮ್ಮ ಕುಂಬಳೆ ಕಡೆ ಗಲ್ಫಿಗೆ ಹೋದ ಅಪ್ಪಂದಿರನ್ನು ಮಕ್ಕಳು ಗುರುತು ಹಿಡಿಯುತ್ತಿದ್ದದ್ದು ಮುಖ ನೋಡಿ ಅಲ್ಲ, ವಾಸನೆ ನೋಡಿ. ಬ್ರೂಟ್ ಸೆಂಟು, ಟೈಗರ್ ಬಾಮ್, ಹೊಸ ಸೂಟ್‌ಕೇಸು ಮೂರೂ ಸೇರಿ ಅಂಗಳಕ್ಕೆ ಬಂದರೆ ಅಪ್ಪ ಬಂದರು ಅಂತ ಲೆಕ್ಕ. 2006ರವರೆಗೆ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಎಲ್ಲಿತ್ತು? ಮುಂಬೈಯಲ್ಲಿಳಿದು, ಬಸ್ಸಿನಲ್ಲಿ ಕುಲುಕಿ ಕುಲುಕಿ ಬರುವಷ್ಟರಲ್ಲಿ ಸೆಂಟಿನ ಪಾಲು ಸ್ವಲ್ಪ ಕಡಿಮೆಯಾಗಿರುತ್ತಿತ್ತು, ಅಷ್ಟೆ.

ಪತ್ರ ಬರೆಯಲು ಅಪ್ಪನಿಗೆ ಉದಾಸೀನ. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಒಂದು ಬದಿ ನಮ್ಮ ಮಾರ್ಕು, ಅಡಿಕೆಯ ಧಾರಣೆ, ಹಸುವಿನ ಯೋಗಕ್ಷೇಮ. ಇನ್ನೊಂದು ಬದಿ ಅಮ್ಮನಿಗೆ ಮಾತ್ರ. ಅದನ್ನು ಅಜ್ಜ ಖಾಲಿ ಕ್ಯಾಸೆಟ್ಟೆಂದು ತಿಳಿದು ಒಂದು ರಾತ್ರಿ ತಾಳಮದ್ದಳೆಗೆ ಒಯ್ದರು. ಮರುದಿನ ಅಮ್ಮ ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದರೆ, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ! ಅರ್ಥಗಾರಿಕೆ ಅದ್ಭುತವೇ. ಆದರೂ ಅಜ್ಜನಿಗೆ ಒಂದು ವಾರ ಸಪ್ಪೆ ಸಾರು.

ಅಪ್ಪ ಕುಬ್ಬೂಸು, ದಾಲ್ ತಿಂದು ಉಳಿಸಿದ ಹಣದಲ್ಲೇ ನಮ್ಮ ಕೆಂಪುಕಲ್ಲಿನ ಮನೆ ಎದ್ದಿತು. ಅದನ್ನು ಅವರು ಎಂದೂ ಆಡಿ ತೋರಿಸಲಿಲ್ಲ. ಊರಿಗೆ ಮರಳಿ ನೆಲೆಸಿದ ಮೇಲೂ ಹಗ್ಗ, ಮಾರ್ಕರ್ ಪೆನ್ನು ಮಾತ್ರ ಬಿಡಲಿಲ್ಲ. ಮಂಗಳೂರಿಗೆ ಅರ್ಧ ಡಜನ್ ತೆಂಗಿನಕಾಯಿ ಒಯ್ಯುವುದಿದ್ದರೂ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ನಾಲ್ಕೂ ಬದಿಯಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರು ಬರೆಯುತ್ತಿದ್ದರು. “ಎಂತಕ್ಕೆ ಅಪ್ಪಾ ಇದು?” ಅಂದರೆ, “ತಲಪಾಡಿ ದಾಟಿದ ಮೇಲೆ ಬೇರೆ ರಾಜ್ಯ ಅಲ್ಲವಾ?” ಎನ್ನುತ್ತಿದ್ದರು.