ರಾಯರ ಮನೆಯ ನೀಲಿ ಪರದೆ

ಏನ್ ರಾಯರೇ, ಮಗನ ಕಂಪ್ಯೂಟರ್ ಮತ್ತೆ ಕೈ ಕೊಡ್ತಂತೆ? ಗೇಮ್ ಶುರು ಮಾಡಿದ ತಕ್ಷಣ ಪರದೆ ಕಪ್ಪಾಗಿ, ಆಮೇಲೆ ನೀಲಿಯಾಗಿ, ತಾನಾಗೇ ರೀಸ್ಟಾರ್ಟ್ ಆಗುತ್ತೆ ಅಂತ ನಿಮ್ಮ ಮನೆಯವರು ಹೇಳ್ತಿದ್ರು. ರಿಪೇರಿಯವನು ಏನಂದ? ತಡೀರಿ, ನಾನೇ ಹೇಳ್ತೀನಿ: ‘ಫಾರ್ಮ್ಯಾಟ್ ಹೊಡೀಬೇಕು ಸಾರ್.’ ಹ್ಯಾಂಗ್ ಆದರೂ ಫಾರ್ಮ್ಯಾಟ್, ಸೌಂಡ್ ಬರದಿದ್ದರೂ ಫಾರ್ಮ್ಯಾಟ್. ಮೊಮ್ಮಗಳ ನಾಮಕರಣದ ಫೋಟೋ ಅಳಿಸಿಹೋದರೆ ಅವನ ಗಂಟೇನು ಹೋಗುತ್ತೆ?

ನೀಲಿ ಪರದೆಯ ಕೆಳಗೆ ಸಣ್ಣಕ್ಷರದಲ್ಲಿ ಏನಿತ್ತು, ನೋಡಿದ್ರಾ? ‘ವಿಡಿಯೋ ಟಿಡಿಆರ್ ಫೇಲ್ಯೂರ್’ ಅಂತ, ಜೊತೆಗೆ ‘ಎನ್‌ವಿ’ಯಿಂದ ಶುರುವಾಗೋ ಬಾಯಿ ತಿರುಗದ ಒಂದು ಹೆಸರು. ಸರಿ, ಹಾಗಾದರೆ ಕಳ್ಳ ಸಿಕ್ಕಿಬಿದ್ದ.

ಗ್ರಾಫಿಕ್ಸ್ ಕಾರ್ಡಿಗೂ ವಿಂಡೋಸಿಗೂ ನೇರ ಮಾತುಕತೆ ಇಲ್ಲ ಕಣ್ರೀ. ನಡುವೆ ಡ್ರೈವರ್ ಅನ್ನೋದೊಂದಿದೆ, ಮದುವೆ ದಲ್ಲಾಳಿ ಇದ್ದ ಹಾಗೆ. ಅವನು ಒಂದು ಮಾತು ಎಡವಟ್ಟು ಮಾಡಿದರೆ ಬೀಗರು ಬೀಗರು ಬೈದಾಡಿಕೊಳ್ತಾರೆ, ದಲ್ಲಾಳಿಯನ್ನ ಯಾರೂ ಕೇಳೋದಿಲ್ಲ. ವಿಂಡೋಸ್ ಕಾರ್ಡಿಗೆ ಕೊಡೋ ಗಡುವು ಬರೀ 2 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರಲಿಲ್ಲ ಅಂದರೆ ಡ್ರೈವರನ್ನ ಕೆಡವಿ ಮತ್ತೆ ಎಬ್ಬಿಸೋಕೆ ನೋಡುತ್ತೆ. ಪರದೆ ಕಪ್ಪಾಗೋದು ಆವಾಗಲೇ. ಎಬ್ಬಿಸಿದರೂ ಏಳದಿದ್ದರೆ ನೀಲಿ.

ಟಿಡಿಆರ್ ಅನ್ನೋ ಈ ಏರ್ಪಾಡು ಬಂದದ್ದು ವಿಂಡೋಸ್ ವಿಸ್ಟಾ ಕಾಲಕ್ಕೆ. 2007ರಲ್ಲಿ ಅದು ಅಂಗಡಿಗೆ ಬಂದಾಗ ಡ್ರೈವರ್ ಬರೆಯೋ ಪದ್ಧತಿಯೇ ಬದಲಾಗಿತ್ತು, ಕಾರ್ಡ್ ಕಂಪನಿಗಳು ಇನ್ನೂ ತಯಾರಾಗಿರಲಿಲ್ಲ. ಜನ ಮಾತ್ರ ಮೈಕ್ರೋಸಾಫ್ಟಿಗೆ ಹಿಡಿಶಾಪ ಹಾಕಿದರು. ಮರುವರ್ಷ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಆ ಕಂಪನಿಯ ಒಳಗಿನ ಪತ್ರಗಳೇ ಬಯಲಿಗೆ ಬಂದವು. ದಾಖಲಾದ ವಿಸ್ಟಾ ಕ್ರ್ಯಾಶುಗಳಲ್ಲಿ ಶೇ. 28.8 ಕಾರ್ಡ್ ಕಂಪನಿ ಎನ್‌ವಿಡಿಯಾದ ಡ್ರೈವರುಗಳ ಲೆಕ್ಕಕ್ಕೆ, ಸ್ವತಃ ಮೈಕ್ರೋಸಾಫ್ಟಿನ ಲೆಕ್ಕಕ್ಕೆ ಶೇ. 17.9! ಹಾಗಂತ ಮೈಕ್ರೋಸಾಫ್ಟ್ ಸಾಚಾ ಅಂತ ನಾನು ಹೇಳಲ್ಲ, 17.9 ಏನು ಕಡಿಮೆಯೇ?

ಹಳೇ ಕಥೆ ಅಂತೀರಾ? 2010ರಲ್ಲಿ ಎನ್‌ವಿಡಿಯಾದ 196.75 ಅನ್ನೋ ಡ್ರೈವರ್ ಬಂತು. ಹಾಕಿಕೊಂಡ ಕೆಲವರ ಕಾರ್ಡಿನ ಫ್ಯಾನೇ ಸರಿಯಾಗಿ ತಿರುಗಲಿಲ್ಲ, ಕಾರ್ಡ್ ಕಾದು ಕೆಂಡ. ಕಂಪನಿ ಅದನ್ನ ವಾಪಸ್ ತಗೊಂಡಿತು. 2025ರ ಶುರುವಿನಲ್ಲಿ ಅದೇ ಕಂಪನಿಯ ಆರ್‌ಟಿಎಕ್ಸ್ 50 ಕಾರ್ಡುಗಳ ಜೊತೆ ಬಂದ ಡ್ರೈವರಿನಿಂದ ಮತ್ತೆ ಕಪ್ಪು ಪರದೆಯ ಗೋಳು. ಹಳೇ ಕಾರ್ಡಿನವರು ಎಷ್ಟೋ ಮಂದಿ ಹಿಂದಿನ ಡಿಸೆಂಬರಿನ 566.36ಕ್ಕೇ ಮರಳಿದರು. ಹೊಸ ಗೇಮಿಗೆ ಬೇಕೇ ಬೇಕು ಅನ್ನದ ಹೊರತು, ಡ್ರೈವರ್ ಬಂದ ದಿನವೇ ಹಾಕಿಕೊಳ್ಳೋ ಆತುರ ನನಗಂತೂ ಅರ್ಥವಾಗಲ್ಲ.

ನಿಮ್ಮದು ಯಾವಾಗಿಂದ? ಹೋದ ವಾರ ಅಪ್‌ಡೇಟ್ ಆದಮೇಲೆ ತಾನೇ? ಮೊದಲು ಡಿವೈಸ್ ಮ್ಯಾನೇಜರ್ ತೆಗೀರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಅಂತಿರುತ್ತೆ, ಅದರಲ್ಲಿ ಕಾರ್ಡಿನ ಪ್ರಾಪರ್ಟೀಸ್, ಅಲ್ಲಿ ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’. ಒತ್ತಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಆ ಬಟನ್ ಮಂಕಾಗಿದ್ದರೆ ಹಳೇದನ್ನ ಬುಡಸಮೇತ ಕೀಳಬೇಕು. ಡಿಡಿಯು ಅಂತ ಪುಕ್ಕಟೆ ಪ್ರೋಗ್ರಾಂ ಇದೆ, ಸೇಫ್ ಮೋಡಿನಲ್ಲಿ ಓಡಿಸಿ. ಸರಿಯಿದ್ದ ಹಳೇ ಡ್ರೈವರನ್ನ ಕಾರ್ಡ್ ಕಂಪನಿಯ ತಾಣದಿಂದಲೇ ಮೊದಲು ಇಳಿಸಿಟ್ಟುಕೊಳ್ಳಿ. ಯಾಕೆಂದರೆ ಡಿಡಿಯು ಓಡಿಸೋ ಮುಂಚೆ ನೆಟ್ ಕೇಬಲ್ ಕಿತ್ತಿಡಬೇಕು. ಇಲ್ಲದಿದ್ದರೆ ನೀವು ಆ ಕಡೆ ಕಾಫಿಗೆ ಹೋಗೋದರೊಳಗೆ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಡ್ರೈವರನ್ನ ತಂದು ಕೂರಿಸಿರುತ್ತೆ.

ಪರದೆ ಸುಮ್ಮನೆ ಕಪ್ಪಾಗಿ ನಿಂತರೆ ಸ್ವಿಚ್ ಆಫ್ ಮಾಡೋಕೆ ಓಡಬೇಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡ್ರೈವರ್ ಮತ್ತೆ ಶುರುವಾಗುತ್ತೆ.

ಇಷ್ಟಾದಮೇಲೂ ಬಿದ್ದರೆ ತಪ್ಪು ಡ್ರೈವರಿನದಲ್ಲದೆಯೂ ಇರಬಹುದು. ಫ್ಯಾನಿಗೆ ಧೂಳು ಹಿಡಿದಿದೆಯೋ, ಪವರ್ ಸಪ್ಲೈ ಸಾಲದೋ, ಕಾರ್ಡೇ ಹೋಗಿದೆಯೋ ನೋಡಿಸಬೇಕು. ಅದಕ್ಕೆ ಮುಂಚೆ ಕಾರ್ಡಿನ ಬಿಲ್ಲು ಎಲ್ಲಿದೆ ಹುಡುಕಿಡಿ, ವಾರಂಟಿ ಇನ್ನೂ ಇದ್ದೀತು.