ಬಂಗಾರಪೇಟೆಯಲ್ಲೊಂದು ಪಬ್ಬು

ವಿದೇಶಕ್ಕೆ ಹೋಗಿ ಬರುವ ನೆಂಟರಲ್ಲಿ ಎರಡು ಜಾತಿ. ಚಾಕಲೇಟು ಹಂಚಿ ಸುಮ್ಮನಾಗುವವರು ಒಂದು; ಚಾಕಲೇಟು ಮರೆತು ಬರೀ ಜ್ಞಾನ ತರುವವರು ಇನ್ನೊಂದು. ನನ್ನ ಷಡ್ಡಕರು ಎರಡನೆಯ ಜಾತಿಗೆ ಸೇರಿದವರು. ಮಗಳು ಅಳಿಯ ಲಿವರ್‌ಪೂಲಿನಲ್ಲಿದ್ದಾರೆ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಹೋದ ಈ ಮಹಾಶಯರು ಮಗು ಮಲಗಿದಾಗಲೆಲ್ಲ ಅಳಿಯನ ಜೊತೆ ಪಬ್ಬುಗಳನ್ನು ನೋಡಿಕೊಂಡು ಬಂದಿದ್ದಾರೆ. ಬಂಗಾರಪೇಟೆಯ ನಮ್ಮ ಮನೆಯ ಹಜಾರದಲ್ಲಿ ಕುಳಿತು, ಕಾಫಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಅಣ್ಣಾ, ನಾವು ಇಷ್ಟು ದಿನ ಕುಡಿದದ್ದು ಬಿಯರೇ ಅಲ್ಲ" ಎಂದು ಘೋಷಿಸಿದರು.

"ನಾವು" ಅಂದದ್ದೇ ತೊಂದರೆಯಾಯಿತು. "ಯಾರ್ಯಾರು ಕುಡಿದದ್ದು?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು.

ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಷಡ್ಡಕರು ರಿಯಲ್ ಏಲ್ ಎಂಬ ಬಿಯರಿನ ಶಾಸ್ತ್ರ ಶುರುಮಾಡಿ ನನ್ನನ್ನು ಉಳಿಸಿದರು. ಕಾರ್ಖಾನೆಯಲ್ಲಿ ಸೋಸಿ, ಬಿಸಿಮಾಡಿ, ಗ್ಯಾಸು ತುಂಬಿ ಮುಚ್ಚಳ ಬಡಿದದ್ದು ಸತ್ತ ಬಿಯರಂತೆ. ಏಲನ್ನು ಪೀಪಾಯಿಗೆ ತುಂಬುವಾಗ ಅದರಲ್ಲಿ ಯೀಸ್ಟು ಇನ್ನೂ ಬದುಕಿರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ, 12 ಡಿಗ್ರಿಯ ಆಸುಪಾಸಿನ ತಂಪಿನಲ್ಲಿ, ಅದು ಇನ್ನೊಂದು ಸುತ್ತು ಹುದುಗುತ್ತದೆ. ಮೇಲೆ ಕೌಂಟರಿನಲ್ಲಿ ಉದ್ದನೆಯ ಹಿಡಿಯೊಂದನ್ನು ಕೈಯಿಂದ ಎಳೆದರೆ ಲೋಟಕ್ಕೆ ಏರಿ ಬರುತ್ತದೆ. ಐಸು ಕೇಳಬಾರದು, ಗ್ಯಾಸು ಬೆರೆಸಬಾರದು. ಪೀಪಾಯಿಗೆ ನಲ್ಲಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಕೆಡುತ್ತದೆ.

"ದೋಸೆ ಹಿಟ್ಟು ಇದ್ದ ಹಾಗೆ ಅನ್ನಿ" ಎಂದಳು ನನ್ನ ಹೆಂಡತಿ. ಅಷ್ಟು ದೂರ ಹೋಗಿ ಕಲಿತು ಬಂದ ವಿದ್ಯೆ ಒಂದೇ ಮಾತಿನಲ್ಲಿ ರುಬ್ಬಿಹೋದದ್ದು ಷಡ್ಡಕರಿಗೆ ರುಚಿಸಲಿಲ್ಲ. ಈ ಏಲನ್ನು ಉಳಿಸಲೆಂದೇ 1971ರಲ್ಲಿ ನಾಲ್ವರು ಯುವಕರು ಕ್ಯಾಮ್ರಾ ಎಂಬ ಸಂಘ ಕಟ್ಟಿ, ದೊಡ್ಡ ಕಂಪನಿಗಳ ಗ್ಯಾಸಿನ ಬಿಯರಿನ ಮೇಲೆ ಸಮರ ಸಾರಿದ ಕಥೆ ಹೇಳಿದರು. ಕುಡಿತ ಬಿಡಿಸುವ ಚಳವಳಿಗಳನ್ನಷ್ಟೇ ಕಂಡ ನಮಗೆ ಕುಡಿತ ಕೆಡದಂತೆ ಕಾಯುವ ಚಳವಳಿ ಹೊಸದು. ಆಮೇಲೆ ಅವರು ಲಿವರ್‌ಪೂಲಿನ ಫಿಲ್ಹಾರ್ಮೋನಿಕ್ ಎಂಬ ಪಬ್ಬಿಗೆ ಬಂದರು. ವಿಕ್ಟೋರಿಯಾ ರಾಣಿಯ ಕೊನೆಗಾಲದ ಕಟ್ಟಡ. ಮಹಾಗನಿ ಮರದ ಕೆತ್ತನೆ, ಬಣ್ಣದ ಗಾಜು, ನೆಲಕ್ಕೆ ಮೊಸಾಯಿಕ್. 2020ರಲ್ಲಿ ಸರ್ಕಾರ ಅದನ್ನು ಮೊದಲ ದರ್ಜೆಯ ಪಾರಂಪರಿಕ ಕಟ್ಟಡಗಳ ಸಾಲಿಗೆ ಸೇರಿಸಿತು. ಅಲ್ಲಿನ ಗಂಡಸರ ಮೂತ್ರಾಲಯ ಎಷ್ಟು ಚೆಂದವೆಂದರೆ ಹೆಂಗಸರು ಕೂಡ ಅನುಮತಿ ಕೇಳಿ ಒಳಗೆ ಹೋಗಿ ನೋಡಿ ಬರುತ್ತಾರೆ. ನಮ್ಮ ಕಡೆ ಅಂಥ ಜಾಗ ಕಣ್ಣಿಗೆ ಬೀಳದಿರಲಿ ಎಂದು ಜನ ಸುತ್ತುದಾರಿ ಹಿಡಿಯುತ್ತಾರೆ.

"ಅಂಥದ್ದೆಲ್ಲ ನಮ್ಮ ದೇಶದಲ್ಲಿ ಎಲ್ಲಿ ಬರಬೇಕು ಬಿಡಿ" ಎಂದು ಅವರು ನಿಟ್ಟುಸಿರಿಟ್ಟಾಗ ನನ್ನೊಳಗಿನ ಕೋಲಾರ ಜಿಲ್ಲೆ ಎದ್ದು ನಿಂತಿತು. ಇವರು ವಿಕ್ಟೋರಿಯಾಳನ್ನು ನೋಡಲು ಏಳು ಸಮುದ್ರ ದಾಟಿದ್ದಾರೆ; ನಮಗೆ ಅವಳು ಪ್ಯಾಸೆಂಜರ್ ಗಾಡಿಯಲ್ಲಿ ಅರ್ಧ ಗಂಟೆ. "ನಾಳೆ ಕೆ.ಜಿ.ಎಫ್‌ಗೆ ಹೋಗೋಣ ನಡೀರಿ" ಅಂದೆ.

ನಮ್ಮ ಊರೇನು ಕಡಿಮೆಯೇ? ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂದೇ ಹೆಸರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬರ ನೆನಪು ಅದು. ಬೆಂಗಳೂರಿನಲ್ಲಿ ಅವರ ಹೆಸರಿಗೆ ಒಂದು ಆಸ್ಪತ್ರೆ, ಒಂದು ಕ್ಲಬ್ಬು ಸಿಕ್ಕವು. ಇಲ್ಲಿ ಒಂದು ಸಂತೆ ಊರೇ ಸಿಕ್ಕಿತ್ತು. ಹೆಸರು ಬದಲಾಗಿ ಎಷ್ಟೋ ಕಾಲವಾದರೂ ರೈಲ್ವೆಯವರು ಇನ್ನೂ ಒಪ್ಪಿಲ್ಲ. ನಮ್ಮ ಸ್ಟೇಷನ್ನಿನ ಸಂಕೇತ ಇವತ್ತಿಗೂ ಬಿ.ಡಬ್ಲ್ಯು.ಟಿ. ಇಲ್ಲಿಂದ ಮಾರಿಕುಪ್ಪಂವರೆಗೆ ಒಂದು ಕವಲು ಹಳಿ ಹೋಗುತ್ತದೆ. 1894ರಲ್ಲಿ ಕೆ.ಜಿ.ಎಫ್‌ನ ಚಿನ್ನದ ಗಣಿಗೆಂದೇ ಹಾಕಿದ್ದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಸ್ಟೇಷನ್ನುಗಳ ಹೆಸರು ಓದುತ್ತ ಕೂತರೆ ಯಾವ ದೇಶದಲ್ಲಿದ್ದೇವೆ ಎಂಬ ಅನುಮಾನ ಬರುತ್ತದೆ. ಅನುಮಾನ ಪರಿಹರಿಸಲು ಪಕ್ಕದವರ ಮಾತು ಕೇಳಿದರೆ ಗೊಂದಲ ಇನ್ನೂ ಹೆಚ್ಚುತ್ತದೆ: ಒಬ್ಬರು ತಮಿಳು, ಇನ್ನೊಬ್ಬರು ತೆಲುಗು, ಜಗಳ ಮಾತ್ರ ಕನ್ನಡದಲ್ಲಿ. ಒಂದು ಕಾಲಕ್ಕೆ ಕೆಲಸ ಹುಡುಕಿಕೊಂಡು ಜನ ಈ ಹಳಿಯ ಮೇಲೆ ಗಣಿಗೆ ಬರುತ್ತಿದ್ದರು. ಈಗ ಬೆಳಗಾದರೆ ಗಣಿಯ ಊರಿನವರೇ ಇದೇ ಹಳಿ ಹಿಡಿದು ಬೆಂಗಳೂರಿಗೆ ದುಡಿಯಲು ಓಡುತ್ತಾರೆ.

ಚಿನ್ನಕ್ಕೂ ಬಿಯರಿಗೂ ಈ ಸೀಮೆಯಲ್ಲಿ ಹಳೆಯ ನಂಟು. ಗಣಿ ತೋಡಲು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದವನು ಮೈಕೆಲ್ ಲ್ಯಾವೆಲ್ ಎಂಬ ಐರ್ಲೆಂಡಿನ ಮಾಜಿ ಸೈನಿಕ. ಅವನ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ. ಈಗ ಅಲ್ಲಿ ತಿನ್ನುವ ಕುಡಿಯುವ ಅಂಗಡಿಗಳದ್ದೇ ಸಾಲು. ಆ ರಸ್ತೆ ಹೋಗಿ ಕೂಡುವುದು ವಿಠಲ್ ಮಲ್ಯ ರಸ್ತೆಯನ್ನು. ದಕ್ಷಿಣ ಭಾರತದ ಬಿಯರ್ ಕಾರ್ಖಾನೆಗಳನ್ನು ಒಟ್ಟುಮಾಡಿ 1915ರಲ್ಲಿ ಥಾಮಸ್ ಲೀಷ್‌ಮನ್ ಕಟ್ಟಿದ ಯುನೈಟೆಡ್ ಬ್ರೂವರೀಸ್ ಆಮೇಲೆ ಇದೇ ಮಲ್ಯರ ಕೈಗೆ ಬಂತು. ಚಿನ್ನದ ಬೀದಿ ಬಿಯರಿನ ಬೀದಿಗೆ ಹೋಗಿ ಸೇರುವಂತೆ ಯಾರು ಯೋಜನೆ ಹಾಕಿದರೋ, ಅನುಭವಸ್ಥರೇ ಇರಬೇಕು.

ಲ್ಯಾವೆಲ್‌ಗೆ ಗಣಿ ಕೈ ಹಿಡಿಯಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆಯೇ ಚಿನ್ನ ಕಣ್ಣು ಬಿಟ್ಟದ್ದು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ತವರ, ತಾಮ್ರದ ಗಣಿಗಳು ಸೊರಗಿ ಕೆಲಸ ಕಳೆದುಕೊಂಡವರು ಇಲ್ಲಿಗೆ ಬಂದರು. ಬಂದವರು ತಮ್ಮ ಊರನ್ನೂ ಮೂಟೆ ಕಟ್ಟಿಕೊಂಡು ಬಂದರು: ಚರ್ಚು, ಬಂಗಲೆ, ಗಾಲ್ಫ್ ಮೈದಾನ. 1885ರಲ್ಲಿ ಕೆ.ಜಿ.ಎಫ್ ಕ್ಲಬ್ಬು ಹುಟ್ಟಿತು. ಪುಟ್ಟ ಇಂಗ್ಲೆಂಡ್ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. ಆದರೆ ಕಾರ್ನ್‌ವಾಲಿನ ಗಣಿಯವರಲ್ಲಿ ಮೆಥಡಿಸ್ಟ್ ಪಂಥದವರೇ ಹೆಚ್ಚು. ಅವರ ಪಾದ್ರಿಗಳು ಹೆಂಡದ ಹೆಸರೆತ್ತಿದರೆ ಉರಿದು ಬೀಳುವವರು. ಭಾನುವಾರ ಪ್ರಾರ್ಥನೆಯಲ್ಲಿ ಮದ್ಯಕ್ಕೆ ಶಾಪ ಹಾಕಿಸಿಕೊಂಡು ಸೋಮವಾರ ಸಂಜೆ ಕ್ಲಬ್ಬಿನ ಮೆಟ್ಟಿಲು ಹತ್ತಿದವರ ಸಂಕಟವನ್ನು ಯಾವ ಗೆಜೆಟಿಯರೂ ದಾಖಲಿಸಿಲ್ಲ. ಅಂಥವರಿಗೆ ಸೋಡಾ ಇತ್ತಲ್ಲ. ನಮ್ಮ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಎಳೆಯ ವಯಸ್ಸಿನಲ್ಲಿ ಚಿನ್ನದ ಗಣಿಯ ಸೋಡಾ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡಿದ್ದರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಸಾಹೇಬರ ಗ್ಲಾಸಿಗೆ ಸೋಡಾ ತುಂಬಿಸುವ ಕೆಲಸದಿಂದ ಕನ್ನಡಿಗರ ತಲೆಗೆ ತತ್ತ್ವ ತುಂಬಿಸುವ ಕೆಲಸಕ್ಕೆ ಅವರು ಬಡ್ತಿ ಪಡೆದದ್ದು ನಮ್ಮ ಪುಣ್ಯ.

ಕ್ಲಬ್ಬಿನ ಸದಸ್ಯರಾದ ಮಿತ್ರರೊಬ್ಬರು ನಮ್ಮಿಬ್ಬರನ್ನೂ ಅತಿಥಿಗಳಾಗಿ ಕರೆದೊಯ್ದರು. ಎತ್ತರದ ಚಾವಣಿ, ಅಗಲ ವರಾಂಡ, ಕಾಲ ತಡವಾಗಿ ನಡೆಯುವ ವಾತಾವರಣ. ಷಡ್ಡಕರು ಮರಮುಟ್ಟನ್ನು ಬೆರಳಿನಿಂದ ತಟ್ಟಿ ನೋಡಿ ತಲೆಯಾಡಿಸಿದರು. ಬೇರರ್ ಬಂದ. "ಬಿಯರು. ಆದರೆ ಕೂಲಿಂಗ್ ಇರಬಾರದು" ಅಂದರು ಇವರು.

ಬೇರರ್ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದ. "ಸಾರ್, ಕರೆಂಟ್ ಇದೆ ಸಾರ್. ಫ್ರಿಜ್ ಚೆನ್ನಾಗೇ ಓಡ್ತಿದೆ."

ಆತನಿಗೆ ನೋವಾದದ್ದು ಸಹಜ. ಕೆ.ಜಿ.ಎಫ್‌ನವರನ್ನು ಏನು ಬೇಕಾದರೂ ಅನ್ನಿ, ಕರೆಂಟಿಲ್ಲ ಎಂದು ಮಾತ್ರ ಅನುಮಾನಿಸಬಾರದು. ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಷಡ್ಡಕರು ತಣ್ಣಗಿರದ ಏಲಿನ ಮಹಿಮೆಯನ್ನು ಆತನಿಗೂ ವಿವರಿಸಿದರು. ನೆಲಮಾಳಿಗೆಯ ಮಾತು ಬಂದಾಗ ಆತ ನಕ್ಕ. "ನೆಲದ ಕೆಳಗೆ ತಂಪಾ? ನಮ್ಮಪ್ಪನ್ನ ಕೇಳಬೇಕಿತ್ತು ಸಾರ್ ನೀವು."

ಆ ಮಾತಿನಲ್ಲಿ ಇಡೀ ಊರಿನ ಚರಿತ್ರೆ ಇದೆ. ಇಂಗ್ಲೆಂಡಿನಲ್ಲಿ ಕೆಳಗಿಳಿದರೆ ತಂಪು. ಇಲ್ಲಿ ಇಳಿದಷ್ಟೂ ಕಾವು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಸತ್ತವರು, ದೂಳು ಕುಡಿದು ಶ್ವಾಸಕೋಶ ಕಲ್ಲಾದವರು ಮನೆಗೊಬ್ಬರಂತೆ ಇದ್ದರು. ಇಲ್ಲಿನ ಗಣಿಯ ಆಳದಲ್ಲಿ ವಿಜ್ಞಾನಿಗಳು ಉಪಕರಣ ಇಟ್ಟು 1965ರಲ್ಲಿ ನ್ಯೂಟ್ರಿನೊ ಎಂಬ ಕಣದ ಜಾಡು ಹಿಡಿದರು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಅದನ್ನು ಮೇಲೆ ತಂದವರು 'ಲೈನು'ಗಳೆಂಬ ಸಾಲುಮನೆಗಳಲ್ಲಿ, ಒಂದೊಂದು ಕೋಣೆಯಲ್ಲಿ, ಸಂಸಾರ ನಡೆಸಿದರು. ಗಾಲ್ಫ್ ಮೈದಾನದ ಪಕ್ಕದ ಬಾರು ಅವರಿಗಾಗಿ ಕಟ್ಟಿದ್ದಲ್ಲ. ಶಿಫ್ಟು ಮುಗಿಸಿದವನಿಗೆ ಇದ್ದದ್ದು ಸಾರಾಯಿ ಅಂಗಡಿ. ಸಂಬಳದ ದಿನ ಅದರ ಬಾಗಿಲಲ್ಲಿ ಮನೆಯವಳು ಮಗುವನ್ನು ಎತ್ತಿಕೊಂಡು ಕಾದಿರುತ್ತಿದ್ದಳು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಾರಾಯಿ 2007ರಲ್ಲಿ ರಾಜ್ಯದಲ್ಲೇ ನಿಷೇಧವಾಯಿತು. ಉಳಿದದ್ದು ಸಯನೈಡ್ ದಿಬ್ಬಗಳು. ಅವನ್ನು ನೋಡಲು ಬರುವ ಹುಡುಗರು ಇದೇ ಊರಿನ ಹೆಸರಿನ 2018ರ ಸಿನಿಮಾ ನೋಡಿಕೊಂಡು ಬಂದವರು. ಆಟೋದವರನ್ನು "ರಾಕಿ ಭಾಯ್ ಇದ್ದ ಜಾಗ ಯಾವುದು" ಎಂದು ಕೇಳುತ್ತಾರೆ. ಆಟೋದವರೂ ಬೇಸರಿಸದೆ ತೋರಿಸುತ್ತಾರೆ.

ಬಿಯರು ಬಂತು. ಬಾಟಲಿಯದ್ದೇ, ತಣ್ಣಗಿದ್ದದ್ದೇ. ಮಸಾಲೆ ಕಡಲೆಕಾಯಿ, ಆಮ್ಲೆಟ್ಟು ಬಂದವು. ಎಲ್ಲವೂ ಸೊಗಸಾಗಿತ್ತು. ಆದರೂ ಷಡ್ಡಕರು ಏನನ್ನೋ ಹುಡುಕುವವರಂತೆ ಅತ್ತಿತ್ತ ನೋಡುತ್ತಿದ್ದರು. "ಎಲ್ಲ ಇದೆ ಅಣ್ಣಾ, ಗಲಾಟೆ ಇಲ್ಲ" ಅಂದರು ಕೊನೆಗೆ. ಲಿವರ್‌ಪೂಲಿನಲ್ಲಿ ಪ್ಲಂಬರನೂ ಪ್ರೊಫೆಸರನೂ ಭುಜಕ್ಕೆ ಭುಜ ತಾಗಿಸಿ ನಿಂತು ಫುಟ್‌ಬಾಲಿನ ಬಗ್ಗೆ ಕೂಗಾಡುತ್ತಾರಂತೆ, ಯಾರ ಪರಿಚಯವೂ ಇಲ್ಲದ ಇವರನ್ನೂ "ಮಳೆ ಬರುತ್ತೆ ಅನ್ನಿಸುತ್ತಾ?" ಎಂದು ಒಬ್ಬ ಮಾತಿಗೆಳೆದನಂತೆ. ನಾನು ಯೋಚಿಸಿದೆ. ಸಾಹೇಬರು ಪಬ್ಬಿನ ಮರ, ಗಾಜು, ಗ್ಲಾಸು ಎಲ್ಲವನ್ನೂ ಹಡಗಿಗೆ ಹೇರಿಕೊಂಡು ಬಂದರು. ಯಾರು ಬೇಕಾದರೂ ಒಳಗೆ ಬರಬಹುದು ಎಂಬ ಒಂದನ್ನು ಅಲ್ಲೇ ಬಿಟ್ಟು ಬಂದರು. ದೇಶದ ತುಂಬ ಅವರು ಕಟ್ಟಿದ್ದು ಕ್ಲಬ್ಬುಗಳನ್ನು. ಸದಸ್ಯತ್ವ, ಶಿಫಾರಸು, ಬೂಟು. ಅವರು ಹೋದ ಮೇಲೂ ಬೂಟು ಉಳಿಯಿತು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆದಾಗ, ತಮಿಳುನಾಡು ಸರ್ಕಾರ ಪಂಚೆಯ ರಕ್ಷಣೆಗೆ ಕಾನೂನೇ ಮಾಡಬೇಕಾಯಿತು. ನಮ್ಮ ಸ್ಟೇಷನ್ನಿನಿಂದ ಜೋಲಾರಪೇಟೆ ಗಾಡಿ ಹತ್ತಿದರೆ ಸಾಕು, ನಡುದಾರಿಯಲ್ಲಿ ಎಲ್ಲೋ ಪಂಚೆಗೆ ಕಾನೂನಿನ ಬಲ ಬಂದುಬಿಡುತ್ತದೆ.

ಸಂಜೆಯ ಗಾಡಿಗೆ ಬಂಗಾರಪೇಟೆಯಲ್ಲಿ ಇಳಿದೆವು. ಹೊಟ್ಟೆಯಲ್ಲಿ ಇನ್ನೂ ಜಾಗ ಇತ್ತು. ನಮ್ಮೂರಿನಲ್ಲಿ ಆ ಹೊತ್ತಿಗೆ ಅಂಥ ಜಾಗ ಇರುವವರು ಹೋಗುವುದು ಪಾನಿಪುರಿಗೆ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ 'ಬಂಗಾರಪೇಟೆ ಪಾನಿಪುರಿ' ಎಂಬ ಬೋರ್ಡು ಕಾಣುತ್ತದೆ. ಅದರ ತವರು ಇದು. ಬೇರೆಡೆ ಪಾನಿ ಹಸಿರಾಗಿರುತ್ತದೆ, ಕಂದಾಗಿರುತ್ತದೆ. ನಮ್ಮದು ಬರೀ ನೀರಿನ ಬಣ್ಣ. ಏನೂ ಅರಿಯದ ಷಡ್ಡಕರು ಒಂದು ಪೂರಿ ಬಾಯಿಗಿಟ್ಟರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿ ಕೆಂಪು. "ಇದರಲ್ಲಿ ಏನು ಹಾಕ್ತೀರಪ್ಪಾ?" ಎಂದು ಕೇಳಿದರು. ಗಾಡಿಯವನು ನಕ್ಕು ಇನ್ನೊಂದು ಪೂರಿ ಮುಂದಿಟ್ಟ. ಆ ಗುಟ್ಟು ಮಗಳಿಗೆ ವರದಕ್ಷಿಣೆಯಾಗಿ ಕೂಡ ಹೋಗುವುದಿಲ್ಲ.

ಸುತ್ತ ನಿಂತವರನ್ನು ನೋಡಿ: ಬೆಂಗಳೂರಿನಿಂದ ರೈಲಿಳಿದ ಸೆಕ್ಯೂರಿಟಿ ಗಾರ್ಡು, ಮಂಡಿಯಲ್ಲಿ ಟೊಮೇಟೊ ಮಾರಿ ಬಂದ ರೈತ, ಕಾಲೇಜು ಹುಡುಗಿಯರು, ಸ್ಕೂಟರಿನ ಮೇಲೇ ಕುಳಿತ ವಕೀಲರು, ಬುರ್ಖಾ ತೊಟ್ಟ ತಾಯಿ, ಅವರ ಕೈ ಎಳೆಯುವ ಮಗು. ಮೂರು ಭಾಷೆಯಲ್ಲಿ ಟೊಮೇಟೊ ರೇಟು, ರೈಲು ತಡವಾದದ್ದು, ಕ್ರಿಕೆಟ್ಟು. ಪರಿಚಯವಿಲ್ಲದವನೊಬ್ಬ ಷಡ್ಡಕರ ಅವಸ್ಥೆ ನೋಡಿ "ಸ್ವೀಟ್ ಹಾಕಿಸಿಕೊಳ್ಳಿ ಸಾರ್, ಅಡ್ಜಸ್ಟ್ ಆಗುತ್ತೆ" ಎಂದು ಉಪದೇಶ ಕೊಟ್ಟ. ಅವರೇ ಹೇಳಿದ ಲಕ್ಷಣಗಳನ್ನು ನಾನು ಒಂದೊಂದಾಗಿ ಎಣಿಸಿ ತೋರಿಸಿದೆ: ಆ ದಿನಕ್ಕೆ ಆ ದಿನವೇ ಮಾಡಿದ್ದು, ಮರುದಿನಕ್ಕೆ ಉಳಿಯದ್ದು, ಬಾಟಲಿಗೆ ಸಿಕ್ಕದ್ದು, ಗ್ಯಾಸಿಲ್ಲದ್ದು, ಐಸಿಲ್ಲದ್ದು, ಕೈಯಿಂದಲೇ ಬಡಿಸಿದ್ದು, ನಿಂತೇ ಮುಗಿಸುವಂಥದ್ದು, ಭುಜಕ್ಕೆ ಭುಜ ತಾಗುವಂಥದ್ದು. ಅವರು ಮೂಗು ಒರೆಸಿಕೊಳ್ಳುತ್ತ "ಯೀಸ್ಟು?" ಎಂದು ಒಂದೇ ಆಕ್ಷೇಪ ಎತ್ತಿದರು. ಅಷ್ಟು ಕೊರತೆಯನ್ನು ನಾವು ಒಪ್ಪಿಕೊಳ್ಳಬಹುದು.

ಹಾಗಾಗಿ ನನ್ನ ತೀರ್ಪು ಇಷ್ಟು. ವಿಕ್ಟೋರಿಯಾ ಕೆ.ಜಿ.ಎಫ್‌ನಲ್ಲಿ ಉಳಿದಳು, ಪಬ್ಬು ಬಂಗಾರಪೇಟೆಗೆ ಇಳಿಯಿತು. ಎರಡನ್ನೂ ಒಂದೇ ದಿನ, ಒಂದೇ ಹಳಿಯ ಮೇಲೆ ನೋಡುವ ಅನುಕೂಲ ಲಿವರ್‌ಪೂಲಿನವರಿಗೂ ಇಲ್ಲ. ನೀವು ಬರುವುದಾದರೆ ಸಂಜೆ ಆರರ ಮೇಲೆ ಬನ್ನಿ, ಪಂಚೆಯಲ್ಲಾದರೂ ಬನ್ನಿ, ಚಪ್ಪಲಿಯಲ್ಲಾದರೂ ಬನ್ನಿ. ಕರ್ಚೀಫು ಮಾತ್ರ ಮರೆಯಬೇಡಿ.